ಸ್ವರ ಎಲ್ಲಿ ಮುಗಿಯುತ್ತದೆ: ಲಯವನ್ನು ಓದಲು ಕಲಿಸಿದ ನನ್ನ ಅನುಭವ

ಮೈಸೂರಿನಲ್ಲಿ ನಾನು ಕೀಬೋರ್ಡ್ ಪಾಠ ಹೇಳಿಕೊಡುವ ಮಕ್ಕಳಲ್ಲಿ ಹೆಚ್ಚಿನವರು ಮೊದಲೇ ಒಂದಷ್ಟು ಕಾಲ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿ ಬಂದವರು. ಸರಳೆ ವರಸೆ, ಜಂಟಿ ವರಸೆಗಳನ್ನು ಮೂರು ಕಾಲದಲ್ಲಿ ಹಾಡಬಲ್ಲ ಇವರಿಗೆ ಪಾಶ್ಚಾತ್ಯ ಸಂಗೀತದ ಒಂದೆಣಿಕೆಯ ಕ್ರೋಚೆಟ್, ಅರ್ಧ ಎಣಿಕೆಯ ಕ್ವೇವರ್, ಕಾಲೆಣಿಕೆಯ ಸೆಮಿಕ್ವೇವರ್‌ಗಳ ನಡುವಿನ ಅನುಪಾತವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಆದಿತಾಳದ ಒಂದು ಅಕ್ಷರಕ್ಕೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು ಎಂದು ಅವರು ಈಗಾಗಲೇ ಹಾಡಿ ಅರಗಿಸಿಕೊಂಡಿರುತ್ತಾರೆ. ಹಾಗಿದ್ದರೂ ಸ್ಟಾಫ್ ನೊಟೇಶನ್ನಿನ (ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿಯ), ಗೆರೆ ಹಾಕಿ ಬೇರ್ಪಡಿಸಿದ ನಾಲ್ಕು ಬಾರ್‌ಗಳನ್ನು ಮುಂದಿಟ್ಟು ನುಡಿಸಲು ಹೇಳಿದರೆ ಸ್ವರಗಳು ಸರಿಯಾಗಿ ಬಂದು, ಕಾಲಪ್ರಮಾಣ ಮಾತ್ರ ಎಡವುತ್ತದೆ. ಇದಕ್ಕೆ ಕಾರಣ ಅವರಿಗೆ ಲಯಜ್ಞಾನ ಇಲ್ಲದಿರುವುದಲ್ಲ. ಸ್ವರ ಎಲ್ಲಿ ಶುರುವಾಗಬೇಕು ಎಂಬುದರ ಮೇಲೆ ಅವರ ಗಮನ ಇರುತ್ತದೆಯೇ ಹೊರತು ಎಲ್ಲಿ ಮುಗಿಯಬೇಕು ಎಂಬುದರ ಮೇಲೆ ಇರುವುದಿಲ್ಲ. ನನ್ನ ಪಾಠದ ಕ್ರಮವೆಲ್ಲ ಈ ಒಂದು ಸಂಗತಿಯನ್ನು ಹಿಡಿದುಕೊಂಡೇ ರೂಪುಗೊಂಡಿದೆ.

ಆರಂಭಿಕರಿಗೆ ಲಯ ಓದಿಸುವಾಗ ಚಪ್ಪಾಳೆ ತಟ್ಟಿಸುವುದು ರೂಢಿಯಲ್ಲಿರುವ ವಿಧಾನ. ನಾನು ಅದನ್ನು ಬಹುಮಟ್ಟಿಗೆ ಬಿಟ್ಟಿದ್ದೇನೆ. ಚಪ್ಪಾಳೆಗೆ ಆರಂಭವಿದೆ, ಉದ್ದವಿಲ್ಲ. ಪುಸ್ತಕದಲ್ಲಿ ಎರಡೆಣಿಕೆಯ ಒಂದು ಮಿನಿಮ್ ಇದ್ದರೂ, ಅದರ ಬದಲು ಒಂದು ಕ್ರೋಚೆಟ್ ಮತ್ತು ಒಂದು ಕ್ರೋಚೆಟ್ ರೆಸ್ಟ್ (ಅಷ್ಟೇ ಹೊತ್ತಿನ ಮೌನದ ಗುರುತು) ಇದ್ದರೂ ಕೇಳಿಸುವುದು ಒಂದೇ ಚಪ್ಪಾಳೆ; ಮಗು ಓದಿದ್ದು ಯಾವುದನ್ನು ಎಂದು ತಿಳಿಯಲು ಗುರುವಿಗೆ ದಾರಿಯೇ ಇಲ್ಲ. ಆದ್ದರಿಂದ ಕೈಯಲ್ಲಿ ತಾಳ ಹಾಕುತ್ತಾ ಬಾಯಲ್ಲಿ ಹೇಳಿಸುತ್ತೇನೆ. ಬಾಯಿಗೆ ಕಾರ್ವೆ (ಸ್ವರದ ಎಳೆತ) ಹಿಡಿಯಲು ಬರುತ್ತದೆ, ಮುಗಿದ ಕಡೆ ಮುಚ್ಚಿಕೊಳ್ಳಲೂ ಬರುತ್ತದೆ. ವಾದ್ಯಕ್ಕೆ ಬಂದಾಗಲೂ ಇದೇ ಎಚ್ಚರ ಬೇಕು: ಮೊದಲ ಕೆಲವು ತಿಂಗಳು ಕೀಬೋರ್ಡಿನ ಪಿಯಾನೋ ಟೋನ್ ಬಳಸಗೊಡುವುದಿಲ್ಲ. ಪಿಯಾನೋದ ನಾದ ಒತ್ತಿದ ಕ್ಷಣದಿಂದಲೇ ಕ್ಷೀಣಿಸುತ್ತಾ ಹೋಗುವುದರಿಂದ ಬೆರಳನ್ನು ಯಾವಾಗ ಎತ್ತಿದರು ಎಂಬುದು ಹೊಸ ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆರ್ಗನ್ ಟೋನ್ ಹಾಕಿದರೆ ಒತ್ತಿಹಿಡಿದಷ್ಟು ಹೊತ್ತೂ ನಾದ ಒಂದೇ ಮಟ್ಟದಲ್ಲಿ ಉಳಿಯುತ್ತದೆ ಮತ್ತು ಎತ್ತಿದ ಕೂಡಲೇ ನಿಲ್ಲುತ್ತದೆ. ತಪ್ಪು ಎಲ್ಲಿದೆ ಎಂದು ನಾನು ಹೇಳುವ ಮೊದಲೇ ಮಗುವಿಗೆ ಕೇಳಿಸಿರುತ್ತದೆ.

ಒಂದು ಬಾರನ್ನು ಹತ್ತಿರದಿಂದ ನೋಡೋಣ. ಟೈಮ್ ಸಿಗ್ನೇಚರ್ 4/4, ಅಂದರೆ ಬಾರಿಗೆ ನಾಲ್ಕು ಕ್ರೋಚೆಟ್ ಎಣಿಕೆ. ಮೊದಲು ಒಂದು ಕ್ರೋಚೆಟ್, ನಂತರ ಒಂದು ಮಿನಿಮ್, ಕೊನೆಗೆ ಒಂದು ಕ್ರೋಚೆಟ್ ರೆಸ್ಟ್. ಮಿನಿಮ್ ಎಂದರೆ ಎರಡು ಎಣಿಕೆ ಎಂದು ಮಗು ಬಾಯಿಪಾಠ ಮಾಡಿರುತ್ತದೆ. ಆದ್ದರಿಂದ ‘ಎರಡು’ ಎನ್ನುವಾಗ ಕೀ ಒತ್ತುತ್ತದೆ, ‘ಮೂರು’ ಎನ್ನುವಾಗ ತನ್ನ ಎರಡು ಎಣಿಕೆ ಮುಗಿಯಿತೆಂದು ಬೆರಳೆತ್ತುತ್ತದೆ. ಲೆಕ್ಕದಲ್ಲಿ ಎರಡು ಸಂಖ್ಯೆಗಳನ್ನು ಹೇಳಿದ್ದಾಯಿತು, ಆದರೆ ನಾದ ಉಳಿದದ್ದು ಒಂದೇ ಎಣಿಕೆಯಷ್ಟು. ಇದು ಬೇಲಿಯ ಕಂಬಗಳನ್ನು ಎಣಿಸಿ ಬೇಲಿಯ ಉದ್ದ ಹೇಳಿದಂತೆ. ಅಳೆಯಬೇಕಾದದ್ದು ಕಂಬದಿಂದ ಕಂಬಕ್ಕಿರುವ ಅಂತರವನ್ನು. ಆ ಮಿನಿಮ್ ಮುಗಿಯುವುದು ‘ನಾಲ್ಕು’ ಎಂಬ ಶಬ್ದ ಬಾಯಿಂದ ಹೊರಡುವ ಕ್ಷಣದಲ್ಲಿ, ಅಂದರೆ ಆ ‘ನಾಲ್ಕು’ ಬೆರಳೆತ್ತುವ ಎಣಿಕೆ. ಇದನ್ನು ವಿವರಣೆಯಿಂದ ತಿದ್ದಲು ಹೋದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಅದರ ಬದಲು ಪ್ರತಿಯೊಂದು ದೀರ್ಘ ಸ್ವರ ಬಂದಾಗಲೂ ಎಲ್ಲಿ ಒತ್ತುತ್ತೀಯಾ ಎಂದು ಕೇಳದೆ, ಯಾವ ಎಣಿಕೆಗೆ ಬಿಡುತ್ತೀಯಾ ಎಂದಷ್ಟೇ ಕೇಳುತ್ತೇನೆ, ಮತ್ತು ನುಡಿಸುವ ಮೊದಲೇ ಆ ಎಣಿಕೆಯ ಮೇಲೆ ಪೆನ್ಸಿಲಿನಿಂದ ಒಂದು ಸಣ್ಣ ಗೀರು ಹಾಕಿಸುತ್ತೇನೆ. ಗೀರು ಹಾಕುವ ಅಭ್ಯಾಸ ಬಿದ್ದ ಮೇಲೆ ಈ ತಪ್ಪು ಅಪರೂಪವಾಗುತ್ತದೆ.

ಕಣ್ಣಿಗೆ ಕಾಣಬೇಕೆಂದು ಗಣಿತದ ಚೌಕುಳಿ ಪುಸ್ತಕವನ್ನೂ ಬಳಸುತ್ತೇನೆ. ಒಂದು ಚೌಕ ಒಂದು ಕ್ವೇವರ್‌ಗೆ ಸಮ. ಹಾಗಾದರೆ ಕ್ರೋಚೆಟ್‌ಗೆ ಎರಡು ಚೌಕ, ಮಿನಿಮ್‌ಗೆ ನಾಲ್ಕು, ಸೆಮಿಬ್ರೀವ್‌ಗೆ ಎಂಟು. ಪುಸ್ತಕದ ಬಾರನ್ನು ನೋಡಿ ನಾದವಿರುವ ಚೌಕಗಳಿಗೆ ಬಣ್ಣ ತುಂಬಿ, ರೆಸ್ಟ್ ಇರುವಲ್ಲಿ ಬಿಳಿಯಾಗಿ ಬಿಡುವುದು ಕೆಲಸ. ಸೆಮಿಬ್ರೀವ್‌ನಿಂದ ಕೊಂಬೆಗಳೊಡೆದು ಎರಡು ಮಿನಿಮ್, ನಾಲ್ಕು ಕ್ರೋಚೆಟ್ ಎಂದು ಕೆಳಗಿಳಿಯುವ ಚಿತ್ರವನ್ನು ಬಹಳಷ್ಟು ಆರಂಭಿಕ ಪುಸ್ತಕಗಳು ಮೊದಲ ಪುಟಗಳಲ್ಲೇ ಕೊಡುತ್ತವೆ; ಅದು ಥಿಯರಿ ಪರೀಕ್ಷೆಗೆ ಒದಗುತ್ತದೆ, ಬೆರಳಿಗೆ ಒದಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಸೆಮಿಬ್ರೀವ್‌ನಲ್ಲಿ ಎಷ್ಟು ಸೆಮಿಕ್ವೇವರ್ ಎಂದರೆ ಹದಿನಾರು ಎಂದು ಥಟ್ಟನೆ ಉತ್ತರಿಸುವ ಮಗು ಒಂದು ಸೆಮಿಬ್ರೀವನ್ನು ಪೂರ್ತಿ ಹಿಡಿಯಲಾರದೆ ಚಡಪಡಿಸುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಭಿನ್ನರಾಶಿಯನ್ನು ಶಾಲೆಯಲ್ಲಿ ಇನ್ನೂ ಕಲಿಯದ ಚಿಕ್ಕ ಮಕ್ಕಳಿಗಂತೂ ಆ ಚಿತ್ರ ಬರಿಯ ಅಲಂಕಾರ.

ಬಾಯಲ್ಲಿ ಹೇಳಿಸುವ ಅಕ್ಷರಗಳ ವಿಷಯಕ್ಕೆ ಬಂದರೆ, ಹಂಗೇರಿಯ ಕೊಡಾಯ್ ಪದ್ಧತಿಯ ‘ತಾ’, ‘ತಿ-ತಿ’ ಜಗತ್ತಿನ ಎಷ್ಟೋ ಕಡೆ ಪ್ರಚಾರದಲ್ಲಿದೆ. ನಮ್ಮ ಮಕ್ಕಳ ಬಾಯಿಗೆ ತಕದಿಮಿ ಮೊದಲೇ ಹೊಂದಿಕೊಂಡಿರುವುದರಿಂದ ನಾನು ಅದನ್ನೇ ಆರಿಸಿಕೊಂಡೆ, ಆದರೆ ಮೃದಂಗದ ಪಾಠದಲ್ಲಿ ಹೇಳುವ ರೀತಿಯಲ್ಲಿ ಅಲ್ಲ. ರಿಚರ್ಡ್ ಹಾಫ್‌ಮನ್, ವಿಲಿಯಂ ಪೆಲ್ಟೋ, ಜಾನ್ ವೈಟ್ ಎಂಬ ಮೂವರು ಅಮೆರಿಕದ ಬೋಧಕರು 1996ರಲ್ಲಿ ಇವೇ ಅಕ್ಷರಗಳನ್ನು ತೆಗೆದುಕೊಂಡು ಒಂದು ಓದುವ ಕ್ರಮವನ್ನು ಪ್ರಕಟಿಸಿದರು. ಅದರಲ್ಲಿ ಅಕ್ಷರ ಸೂಚಿಸುವುದು ಎಣಿಕೆಯೊಳಗಿನ ಸ್ಥಾನವನ್ನು: ಎಣಿಕೆ ಬೀಳುವ ಜಾಗದಲ್ಲಿ ಯಾವ ಸ್ವರ ಬಂದರೂ ‘ತ’, ಎಣಿಕೆಯ ನಟ್ಟನಡುವೆ ಬರುವುದು ಯಾವಾಗಲೂ ‘ದಿ’. ಹೀಗಾಗಿ ಎರಡು ಕ್ವೇವರ್‌ಗಳು ‘ತ ದಿ’ ಆಗುತ್ತವೆ, ನಾಲ್ಕು ಸೆಮಿಕ್ವೇವರ್‌ಗಳು ‘ತ ಕ ದಿ ಮಿ’ ಆಗುತ್ತವೆ, ಒಂದು ಕ್ವೇವರ್ ಮತ್ತು ಎರಡು ಸೆಮಿಕ್ವೇವರ್‌ಗಳ ಗುಂಪು ‘ತ ದಿಮಿ’ ಎಂದಾಗುತ್ತದೆ. ಎಣಿಕೆಯ ನಡುವಿನ ಬಿಂದುವಿಗೆ ಒಂದು ಖಾಯಂ ಹೆಸರು ಸಿಕ್ಕಿತೆಂದರೆ ಸ್ವರ ಅಲ್ಲಿ ಮುಗಿಯುವುದನ್ನೂ ಹೇಳಲು ಬರುತ್ತದೆ. ಲಯದ ಅಕ್ಷರಗಳು ಇಲ್ಲಿಂದ ಅಲ್ಲಿಗೆ ಹೋಗಿ, ಓದುವ ಕ್ರಮವಾಗಿ ನನ್ನ ಪಾಠಕ್ಕೆ ಮರಳಿ ಬಂದದ್ದನ್ನು ನೆನೆದರೆ ನನಗೆ ಈಗಲೂ ಒಂದು ಬಗೆಯ ಖುಷಿಯಾಗುತ್ತದೆ.

ಇದರ ಪ್ರಯೋಜನ ಪೂರ್ತಿಯಾಗಿ ಕಾಣುವುದು ಚುಕ್ಕೆಯ ಸ್ವರಗಳಲ್ಲಿ. ಚುಕ್ಕೆ ಸ್ವರದ ಬೆಲೆಗೆ ಅದರ ಅರ್ಧವನ್ನು ಕೂಡಿಸುತ್ತದೆ ಎಂಬ ನಿಯಮ ಸರಿ. ಆದರೆ ಒಂದೂವರೆ ಎಣಿಕೆ ಎಂದು ಹೇಳಿದರೆ ಮಗುವಿನ ಕೈ ಒಂದೋ ಒಂದಕ್ಕೆ ನಿಲ್ಲುತ್ತದೆ, ಇಲ್ಲವೇ ಎರಡಕ್ಕೆ ಹೋಗುತ್ತದೆ. 1824ರಲ್ಲಿ ವಿಯೆನ್ನಾದಲ್ಲಿ ಮೊದಲು ಪ್ರದರ್ಶನಗೊಂಡ ಬೀಥೋವನ್‌ನ ಒಂಬತ್ತನೇ ಸಿಂಫನಿಯ ಕೊನೆಯ ಭಾಗದಲ್ಲಿ ಬರುವ ಪ್ರಸಿದ್ಧ ರಾಗಧಾರೆಯನ್ನು ಈ ಪಾಠಕ್ಕೆ ಬಳಸುತ್ತೇನೆ. ಅದರ ಮೊದಲ ಮೂರು ಬಾರ್‌ಗಳಲ್ಲಿ ಬರೀ ಕ್ರೋಚೆಟ್‌ಗಳಿದ್ದು, ನಾಲ್ಕನೆಯ ಬಾರಿನಲ್ಲಿ ಚುಕ್ಕೆಯ ಕ್ರೋಚೆಟ್, ಕ್ವೇವರ್, ಮಿನಿಮ್ ಬರುತ್ತವೆ. ಮೊದಲ ಎಣಿಕೆಗೆ ‘ತಾ’ ಎಂದು ಶುರುಮಾಡಿ, ಎರಡನೆಯ ಎಣಿಕೆಯ ಪೆಟ್ಟು ಕೈಯಲ್ಲಿ ಬಿದ್ದರೂ ಬಾಯಲ್ಲಿ ಹೊಸ ಅಕ್ಷರ ಹೊರಡಿಸದೆ ಎಳೆದು, ಅದೇ ಎಣಿಕೆಯ ನಡುವೆ ‘ದಿ’ ಎಂದು, ಮೂರಕ್ಕೆ ಮತ್ತೆ ‘ತಾ’ ಎಂದು ಹಿಡಿಯಬೇಕು. ಚುಕ್ಕೆ ಇರುವುದು ಎರಡನೆಯ ಪೆಟ್ಟಿನ ಮೇಲೆ ಎಂದು ತೋರಿಸಿಕೊಟ್ಟರೆ ಒಂದೂವರೆಯ ಲೆಕ್ಕವೇ ಬೇಕಾಗುವುದಿಲ್ಲ. ಇದೇ ರಾಗಧಾರೆಯ ಹನ್ನೆರಡನೆಯ ಬಾರಿನ ಕೊನೆಯ ಎಣಿಕೆಯಲ್ಲಿ ಮುಂದಿನ ಸಾಲಿನ ಮೊದಲ ಸ್ವರ ಒಂದು ಎಣಿಕೆ ಮುಂಚಿತವಾಗಿಯೇ ಹುಟ್ಟಿ, ಟೈ (ಎರಡು ಸ್ವರಗಳನ್ನು ಒಂದಾಗಿಸುವ ಕಮಾನುಗೆರೆ) ಮೂಲಕ ಬಾರಿನ ಗೆರೆಯನ್ನು ದಾಟುತ್ತದೆ. ಎಷ್ಟೋ ಆರಂಭಿಕ ಪುಸ್ತಕಗಳು ಅದನ್ನು ನೇರಮಾಡಿ ಮುದ್ರಿಸುತ್ತವೆ. ನಾನು ಮೂಲದಂತೆಯೇ ಕೈಯಲ್ಲಿ ಬರೆದುಕೊಡುತ್ತೇನೆ, ಏಕೆಂದರೆ ಟೈ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸಹಜವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಎಡುಪು (ಹಾಡು ಶುರುವಾಗುವ ಜಾಗ) ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬೀಳದ ಕೀರ್ತನೆಗಳನ್ನು ಕೇಳಿ ಬೆಳೆದ ಮಕ್ಕಳು ಇದಕ್ಕೆ ಹೆದರುವುದೂ ಇಲ್ಲ.

ರೆಸ್ಟ್‌ಗಳಿಗೆ ಪ್ರತ್ಯೇಕ ಪಾಠ ಮಾಡುವುದಿಲ್ಲ. ಹಿಂದಿನ ಸ್ವರ ಎಲ್ಲಿ ಮುಗಿಯಬೇಕೆಂಬುದನ್ನು ತಿಳಿದವರಿಗೆ ಮೌನ ತಾನಾಗಿ ಬರುತ್ತದೆ. ಸೆಮಿಬ್ರೀವ್ ರೆಸ್ಟ್ ಮೇಲಿನಿಂದ ಎರಡನೆಯ ಗೆರೆಗೆ ಜೋತುಬಿದ್ದಿರುತ್ತದೆ, ಮಿನಿಮ್ ರೆಸ್ಟ್ ನಡುವಿನ ಗೆರೆಯ ಮೇಲೆ ಕೂತಿರುತ್ತದೆ ಎಂಬುದನ್ನೂ, ಜೋತುಬಿದ್ದಿರುವ ಅದೇ ಗುರುತು 3/4ರಲ್ಲಿ ಇಡೀ ಬಾರಿನ ಮೂರೆಣಿಕೆಯ ಮೌನಕ್ಕೂ ಬರುತ್ತದೆ ಎಂಬುದನ್ನೂ ಹೇಳಿದರೆ ಸಾಕು.

6/8ಕ್ಕೆ ಬಂದಾಗ ಕರ್ನಾಟಕ ಸಂಗೀತದ ಹಿನ್ನೆಲೆ ಮತ್ತೆ ಕೈಹಿಡಿಯುತ್ತದೆ. 3/4ರಲ್ಲೂ 6/8ರಲ್ಲೂ ಬಾರಿಗೆ ಆರು ಕ್ವೇವರ್‌ಗಳೇ. ಆದರೆ ಮೊದಲನೆಯದು ಮೂರು ಎಣಿಕೆಗಳಲ್ಲಿ ‘ತದಿ ತದಿ ತದಿ’, ಎರಡನೆಯದು ಎರಡು ಎಣಿಕೆಗಳಲ್ಲಿ ‘ತಕಿಟ ತಕಿಟ’. ಕ್ವೇವರ್‌ಗಳ ಕಡ್ಡಿಗಳನ್ನು ಜೋಡಿಸುವ ಅಡ್ಡಗೆರೆ ಎರಡೆರಡನ್ನು ಕಟ್ಟಿದೆಯೋ ಮೂರುಮೂರನ್ನು ಕಟ್ಟಿದೆಯೋ ಎಂದು ಮೊದಲು ನೋಡಲು ಹೇಳುತ್ತೇನೆ. ಇಲ್ಲಿ ಅಮೆರಿಕದ ಕ್ರಮದ ಅಕ್ಷರಗಳನ್ನು ಬಿಟ್ಟು ನಮ್ಮ ತಿಶ್ರದ (ಮೂರರ ನಡೆಯ) ತಕಿಟವನ್ನೇ ಉಳಿಸಿಕೊಂಡಿದ್ದೇನೆ. ಗೊತ್ತಿರುವುದನ್ನು ಕಸಿದುಕೊಂಡು ಹೊಸದನ್ನು ಕೊಡುವ ಅಗತ್ಯ ನನಗೆ ಕಾಣಲಿಲ್ಲ. ಎಣಿಕೆಯ ಪೂರ್ಣ ಬೆಲೆ ಈಗ ಚುಕ್ಕೆಯ ಕ್ರೋಚೆಟ್ ಎಂಬುದನ್ನು ಮಾತ್ರ ಎರಡು ಮೂರು ಸಲ ಹೇಳಬೇಕಾಗುತ್ತದೆ, ಏಕೆಂದರೆ ಕ್ರೋಚೆಟ್ ಎಂದರೆ ಒಂದು ಎಂದು ಅಷ್ಟರಲ್ಲಿ ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ.

ಒಂದು ಅಪಾಯ ಮಾತ್ರ ಕೊನೆಯವರೆಗೂ ಇರುತ್ತದೆ: ಈ ಮಕ್ಕಳ ಕಿವಿ ಚುರುಕು. ನಾನು ಒಮ್ಮೆ ನುಡಿಸಿ ತೋರಿಸಿದರೆ ಪುಟವನ್ನು ನೋಡುತ್ತಿರುವಂತೆ ನಟಿಸುತ್ತಾ ನೆನಪಿನಿಂದಲೇ ನುಡಿಸುತ್ತಾರೆ. ಆದ್ದರಿಂದ ಓದುವ ಅಭ್ಯಾಸಕ್ಕೆ ರಾಗಧಾರೆಯನ್ನೇ ತೆಗೆದುಬಿಡುತ್ತೇನೆ. ಒಂದೊಂದು ಕಾರ್ಡಿನಲ್ಲಿ ಒಂದೊಂದು ಬಾರು ಬರೆದು, ಪ್ರತಿಸಲ ಬೇರೆ ಅನುಕ್ರಮದಲ್ಲಿ ಹರಡಿ, ಒಂದೇ ಕೀ ಮೇಲೆ ನುಡಿಸಲು ಹೇಳುತ್ತೇನೆ. ನಾನು ಮೊದಲು ನುಡಿಸಿ ತೋರಿಸುವುದಿಲ್ಲ. ಆಫೀಸು ಮುಗಿಸಿ ಸಂಜೆ ಬರುವ ವಯಸ್ಕರ ಸಮಸ್ಯೆ ಇದಕ್ಕೆ ತದ್ವಿರುದ್ಧ. ಅವರಿಗೆ ಪುಟ ಚೆನ್ನಾಗಿ ಅರ್ಥವಾಗುತ್ತದೆ, ಗಟ್ಟಿಯಾಗಿ ಹೇಳಲು ಸಂಕೋಚ. ತುಟಿಯೊಳಗೇ ಎಣಿಸುವವರ ದೀರ್ಘ ಸ್ವರಗಳು ತಮಗರಿವಿಲ್ಲದೆಯೇ ಮೊಟಕಾಗುತ್ತವೆ ಎಂಬುದನ್ನು ಅವರ ಫೋನಿನಲ್ಲೇ ರೆಕಾರ್ಡ್ ಮಾಡಿ ಕೇಳಿಸಿದರೆ, ಹೆಚ್ಚಿನವರು ಮುಂದಿನ ಪಾಠದಿಂದ ಬಾಯಿಬಿಟ್ಟು ಎಣಿಸುತ್ತಾರೆ.

ಎರಡೂ ಕೈ ಸೇರುವಾಗ ಹಳೆಯ ತೊಂದರೆ ಹೊಸ ರೂಪದಲ್ಲಿ ಬರುತ್ತದೆ. ಎಡಗೈಗೆ ಒಂದು ಸೆಮಿಬ್ರೀವ್, ಬಲಗೈಗೆ ನಾಲ್ಕು ಕ್ರೋಚೆಟ್‌ಗಳಿದ್ದರೆ ಬಲಗೈ ಎರಡನೆಯ ಸ್ವರಕ್ಕೆ ಎದ್ದಾಗ ಎಡಗೈಯೂ ಜೊತೆಗೇ ಏಳುತ್ತದೆ. ಚೌಕುಳಿ ಪುಸ್ತಕದಲ್ಲಿ ಎರಡು ಸಾಲು ಹಾಕಿಸಿ, ಕೆಳಗಿನ ಸಾಲಿನ ಎಂಟು ಚೌಕಗಳಿಗೆ ನಡುವೆ ಬಿಡುವಿಲ್ಲದಂತೆ ಬಣ್ಣ ತುಂಬಿಸಿ, ಬಲಗೈಯನ್ನು ತೀರಾ ನಿಧಾನವಾಗಿ ಸಾಗಿಸುತ್ತೇನೆ. ಆರ್ಗನ್ ಟೋನ್ ಇಲ್ಲೂ ಕಾವಲು ಕಾಯುತ್ತದೆ. ಮನೆಯಲ್ಲಿ ಸಸ್ಟೇನ್ ಪೆಡಲ್ ಇರುವವರಿಗೆ ಈ ಘಟ್ಟ ದಾಟುವ ತನಕ ಅದನ್ನು ಜೋಡಿಸಬೇಡಿ ಎಂದು ಪೋಷಕರಿಗೇ ಹೇಳಿ ಕಳುಹಿಸುತ್ತೇನೆ, ಏಕೆಂದರೆ ಪೆಡಲ್ ಒತ್ತಿದರೆ ಬೆರಳು ಯಾವಾಗ ಎದ್ದರೂ ನಾದ ಮುಂದುವರಿಯುತ್ತಲೇ ಇರುತ್ತದೆ ಮತ್ತು ಎಡಗೈ ಕಲಿಯಬೇಕಾದದ್ದನ್ನು ಕಲಿಯದೆಯೇ ತುಣುಕು ಮುಗಿದುಹೋಗುತ್ತದೆ.