ರೀಲೋಡಿಂಗ್ ಪೌಡರ್ ತೂಗೋಕೆ ಎಂಥ ತಕ್ಕಡಿ ತಗೋಬೇಕು?

ಮನೇಲೇ ಕಾರ್ಟ್ರಿಡ್ಜ್ ರೀಲೋಡ್ ಮಾಡೋರು, ಅಂದ್ರೆ ಬಂದೂಕಿನ ಖಾಲಿ ತೋಟಾಗೆ ಮತ್ತೆ ಪೌಡರ್ (ಮದ್ದು), ಗುಂಡು ತುಂಬೋರು, ಆ ಕೆಲಸದ ಪ್ರೆಸ್ಸು, ಡೈ ಅಂತ ದುಡ್ಡು ಸುರೀತಾರೆ, ತಕ್ಕಡಿ ವಿಷ್ಯ ಬಂದಾಗ ಮಾತ್ರ ಯಾವ್ದೋ ಒಂದು ಸಾಕು ಅಂತಾರೆ. ಇದು ಸರಿಯಿಲ್ಲ. ಪೌಡರ್ ಸ್ವಲ್ಪ ಜಾಸ್ತಿಯಾದ್ರೂ ಚೇಂಬರ್ (ಬಂದೂಕಲ್ಲಿ ತೋಟಾ ಕೂರೋ ಜಾಗ) ಒಳಗಿನ ಪ್ರೆಶರ್ ತೂಕದ ಲೆಕ್ಕಕ್ಕಿಂತ ಜೋರಾಗಿ ಏರುತ್ತೆ, ಬಂದೂಕು ಒಡೆದು ಕೈಯೋ ಕಣ್ಣೋ ಹೋಗ್ಬಹುದು. ಅಂದಹಾಗೆ ಮನೇಲಿ ರೀಲೋಡ್ ಮಾಡೋದಕ್ಕೆ ಎಲ್ಲಾ ಕಡೆ ಅನುಮತಿ ಇರಲ್ಲ, ನಿಮ್ಮಲ್ಲಿ ಕಾನೂನು ಏನು ಹೇಳುತ್ತೆ, ಲೈಸೆನ್ಸ್ ಬೇಕಾ ಅಂತ ಮೊದ್ಲು ಖಚಿತ ಮಾಡ್ಕೊಳ್ಳಿ, ಆಮೇಲೆ ಮುಂದಿನ ಮಾತು.

ಮೊದಲು ಅಳತೆ ಅರ್ಥ ಮಾಡ್ಕೊಳ್ಳಿ. ಇಲ್ಲಿ ಲೆಕ್ಕ ನಡೆಯೋದು ಗ್ರೇನ್‌ನಲ್ಲಿ. 1 ಗ್ರಾಂ ಅಂದ್ರೆ ಸುಮಾರು 15.43 ಗ್ರೇನ್, 1 ಪೌಂಡ್ ಅಂದ್ರೆ 7000 ಗ್ರೇನ್. ಹಾಗಾಗಿ 0.1 ಗ್ರಾಂವರೆಗೆ ತೋರಿಸೋ ಅಡುಗೆಮನೆ ತಕ್ಕಡಿ ಒಂದೂವರೆ ಗ್ರೇನ್‌ಗಿಂತ ಚಿಕ್ಕದನ್ನ ಹಿಡಿಯೋದೇ ಇಲ್ಲ, ಅದನ್ನ ಮರೆತುಬಿಡಿ. 0.01 ಗ್ರಾಂನ ಪಾಕೆಟ್ ಸ್ಕೇಲ್ ಕೂಡ ಒಂದೊಂದು ಹೆಜ್ಜೆಗೆ 0.15 ಗ್ರೇನ್ ಹಾರುತ್ತೆ. ನಮಗೆ ಬೇಕಿರೋದು 0.1 ಗ್ರೇನ್ ಅಥವಾ ಅದಕ್ಕಿಂತ ಸೂಕ್ಷ್ಮ.

ಎರಡನೇದು, ದಂಡದ ಮೇಲೆ ಬಟ್ಟು ಜರುಗಿಸಿ ತೂಗೋ ಬೀಮ್ ತಕ್ಕಡಿಯೋ ಡಿಜಿಟಲ್ಲೋ? ಬೀಮ್ ತಕ್ಕಡಿಗೆ ಕರೆಂಟ್ ಬೇಡ, ಬ್ಯಾಟರಿ ಬೇಡ, ಚೂಪು ಅಂಚಿನ ಮೇಲೆ ಕೂತು ತೂಗುತ್ತೆ ಅಷ್ಟೆ, ಧೂಳು ಕೂರದಂಗೆ ನೋಡ್ಕೊಂಡ್ರೆ ವರ್ಷಗಟ್ಟಲೆ ಬಾಳಿಕೆ ಬರುತ್ತೆ. ಮುಳ್ಳು ಬೇಗ ನಿಲ್ಲೋಕೆ ಮ್ಯಾಗ್ನೆಟ್ ಇರೋದನ್ನೇ ತಗೊಳ್ಳಿ, ಇಲ್ಲಾಂದ್ರೆ ಅದು ತೂಗಾಡೋದನ್ನ ನೋಡ್ತಾ ಕೂರ್ಬೇಕು. ಮುಳ್ಳನ್ನ ಕಣ್ಣಿನ ಮಟ್ಟದಲ್ಲಿಟ್ಟು ನೇರವಾಗಿ ನೋಡ್ಬೇಕು, ಮೇಲಿಂದ ನೋಡಿದ್ರೆ ಲೆಕ್ಕ ತಪ್ಪುತ್ತೆ. ಒಂದೇ ಭಯ ಅಂದ್ರೆ ಬೀಮ್ ಮೇಲೆ ಜರುಗಿಸೋ ದೊಡ್ಡ ಬಟ್ಟು ಒಂದು ಗೀರು ಆಚೆ ಕೂತುಬಿಟ್ರೆ ಮಾಡೆಲ್ ಮೇಲೆ 5 ಅಥವಾ 10 ಗ್ರೇನ್ ವ್ಯತ್ಯಾಸ, ಅದಕ್ಕೇ ಕೆಲಸ ಶುರು ಮಾಡೋ ಮುಂಚೆ ಗೀರನ್ನ ಎರಡು ಸಲ ಓದಿ.

ಡಿಜಿಟಲ್ ಬೇಗ ಓದುತ್ತೆ ನಿಜ, ಆದ್ರೆ ಕಾಟ ಜಾಸ್ತಿ. ಆನ್ ಮಾಡಿದ ತಕ್ಷಣ ತೂಗಬಾರದು, ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಹೊತ್ತು ಬೆಚ್ಚಗಾಗೋಕೆ ಬಿಡಿ. ಫ್ಯಾನ್ ಗಾಳಿ, ಪಕ್ಕದಲ್ಲಿಟ್ಟ ಮೊಬೈಲ್, ಪ್ಲಾಸ್ಟಿಕ್ ತಟ್ಟೆಯ ಸ್ಟ್ಯಾಟಿಕ್, ಇವೆಲ್ಲ ನಂಬರ್ ಅಲ್ಲಾಡಿಸುತ್ವೆ. ಇನ್ನೊಂದು ಗಮನಿಸಿ: ಪೌಡರ್ ಸ್ವಲ್ಪ ಸ್ವಲ್ಪವೇ ಉದುರಿಸೋ ಟ್ರಿಕ್ಲರ್‌ನಿಂದ ಒಂದೊಂದೇ ಕಾಳು ಬೀಳಿಸ್ತಾ ಇರ್ತೀರಿ, ಸ್ಕ್ರೀನ್ ಮೇಲೆ ಅದೇ ನಂಬರ್, ಇನ್ನೂ ಎರಡು ಕಾಳು, ಇನ್ನೂ ಅದೇ ನಂಬರ್! ತುಂಬಾ ಸ್ಕೇಲ್‌ಗಳಲ್ಲಿ ಸಣ್ಣ ಬದಲಾವಣೆನ ತಾನೇ ಸೊನ್ನೆ ಮಾಡ್ಕೊಳ್ಳೋ ವ್ಯವಸ್ಥೆ ಇರುತ್ತೆ, ನಿಧಾನಕ್ಕೆ ಬಿದ್ದ ಕಾಳುಗಳನ್ನ ಅದು ನುಂಗಿಬಿಡುತ್ತೆ. ತಟ್ಟೆ ಎತ್ತಿ ಮತ್ತೆ ಇಟ್ರೆ ನಿಜವಾದ ತೂಕ ಬರುತ್ತೆ, ಅದಕ್ಕೆ ಪ್ರತಿ ಚಾರ್ಜ್‌ಗೂ (ಒಂದು ತೋಟಾಗೆ ತುಂಬೋ ಪೌಡರ್) ಎತ್ತಿ ಇಟ್ಟೇ ನೋಡಿ. ದುಡ್ಡು ಇದ್ರೆ ಮ್ಯಾಗ್ನೆಟಿಕ್ ಫೋರ್ಸ್ ಮೇಲೆ ಕೆಲಸ ಮಾಡೋ ಬ್ಯಾಲೆನ್ಸ್ ಸಿಗುತ್ತೆ, ಅದು 1 ಮಿಲಿಗ್ರಾಂ, ಅಂದ್ರೆ ಸುಮಾರು 0.015 ಗ್ರೇನ್ ಹಿಡಿಯುತ್ತೆ, ಲಾಂಗ್ ರೇಂಜ್ ಶೂಟ್ ಮಾಡೋರಿಗೆ ಬಿಟ್ರೆ ಬೇರೆಯವರಿಗೆ ಅಷ್ಟು ಅಗತ್ಯ ಇಲ್ಲ ಅಂತ ನನ್ನ ಅನಿಸಿಕೆ.

ಮೂರನೇದನ್ನ ಯಾರೂ ಬಿಡಬೇಡಿ: ಚೆಕ್ ವೇಯ್ಟ್ ಸೆಟ್, ಅಂದ್ರೆ ಸ್ಕೇಲ್ ಸರಿ ತೋರಿಸ್ತಿದೆಯಾ ಅಂತ ನೋಡೋಕೆ ಇಡೋ, ತೂಕ ಖಚಿತವಾಗಿ ಗೊತ್ತಿರೋ ಸಣ್ಣ ಬಟ್ಟುಗಳು. ಸ್ಕೇಲ್ ಜೊತೆ ಬರೋ ಕ್ಯಾಲಿಬ್ರೇಶನ್ ಬಟ್ಟು ಸಾಮಾನ್ಯವಾಗಿ 20 ಅಥವಾ 50 ಗ್ರಾಂ, 50 ಗ್ರಾಂ ಅಂದ್ರೆ 770 ಗ್ರೇನ್ ಮೇಲಾಯ್ತು, ಅಲ್ಲಿ ಸರಿ ತೋರಿಸಿದ ಮಾತ್ರಕ್ಕೆ 5 ಗ್ರೇನ್ ಹತ್ರಾನೂ ಸರಿ ತೋರಿಸುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನೀವು ತೂಗೋ ಚಾರ್ಜ್‌ಗೆ ಹತ್ತಿರದ ಬಟ್ಟು ಇಟ್ಟು ಶುರುವಲ್ಲಿ, ಮಧ್ಯದಲ್ಲಿ, ಕೊನೇಲಿ ನೋಡಿ. ಬಟ್ಟನ್ನ ಚಿಮಟದಲ್ಲೇ ಹಿಡೀರಿ, ಬೆರಳಿನ ಎಣ್ಣೆ ಅಂಟಿದ್ರೆ ಅದರ ತೂಕಾನೇ ಬದಲಾಗುತ್ತೆ. ಒಂದೇ ಬಟ್ಟನ್ನ ಹತ್ತು ಸಲ ಎತ್ತಿ ಇಟ್ಟಾಗ ಹತ್ತು ಸಲಾನೂ ಒಂದೇ ನಂಬರ್ ತೋರಿಸೋ ಸ್ಕೇಲ್, ಮೂರು ದಶಾಂಶ ತೋರಿಸಿ ಸುಮ್ನೆ ಅಲ್ಲಾಡೋ ಸ್ಕೇಲ್‌ಗಿಂತ ಎಷ್ಟೋ ಮೇಲು, ಅಂಗಡೀಲಿ ಸಾಧ್ಯ ಆದ್ರೆ ಇದನ್ನ ಮಾಡಿ ನೋಡಿಯೇ ತಗೊಳ್ಳಿ.

ಡಿಜಿಟಲ್‌ನಲ್ಲಿ ಮೋಡ್ ಬಟನ್ ಕೈ ತಾಗಿ ಗ್ರೇನ್ ಹೋಗಿ ಗ್ರಾಂ ಆಗಿರ್ಬಹುದು, ಕ್ಯಾರೆಟ್ ಆಗಿರ್ಬಹುದು. ಪ್ರತಿ ಸಲ ಕೂತಾಗ ಮೂಲೇಲಿರೋ ಯೂನಿಟ್ ಗುರುತು ನೋಡಿ.

ತಾನೇ ಅಳೆದು ಸುರಿಯೋ ಆಟೋಮ್ಯಾಟಿಕ್ ಡಿಸ್ಪೆನ್ಸರ್ ಅನುಕೂಲ ಅನ್ನೋದೇನೋ ಹೌದು, ಹೊಸಬರಿಗೆ ಅದು ಬೇಡ. ಒಳ್ಳೇ ಬೀಮ್ ತಕ್ಕಡಿ, ಟ್ರಿಕ್ಲರ್, ಚೆಕ್ ವೇಯ್ಟ್, ಇಷ್ಟರಿಂದ ಶುರು ಮಾಡಿ. ಮುಂದೆ ಡಿಜಿಟಲ್ ತಗೊಂಡ್ರೂ ಬೀಮ್ ಮಾರಬೇಡಿ. ಎರಡೂ ಬೇರೆ ಬೇರೆ ತೂಕ ಹೇಳಿದ್ರೆ ಚೆಕ್ ವೇಯ್ಟ್ ಇಟ್ಟು ಯಾವುದು ತಪ್ಪು ಅಂತ ಗೊತ್ತಾಗೋವರೆಗೂ ಲೋಡಿಂಗ್ ನಿಲ್ಸಿ, ಆವತ್ತು ಅದಕ್ಕೂ ಮುಂಚೆ ತುಂಬಿದ್ದನ್ನ ಬೇರೆ ಎತ್ತಿಡಿ, ಫೈರ್ ಮಾಡ್ಬೇಡಿ.