ಉರಿ ಎಷ್ಟಿದೆ ಅನ್ನುವುದಕ್ಕಿಂತ ಬಿಸಿ ಎಲ್ಲಿಗೆ ಹೋಗುತ್ತಿದೆ ಅನ್ನುವುದು

ಹೊಸ ಬಾಣಲೆ ಕೈಗೆ ಬಂದರೆ ಅಡುಗೆಗೆ ಮೊದಲು ನಾನು ಒಂದು ಪರೀಕ್ಷೆ ಮಾಡುತ್ತೇನೆ. ಒಣಗಿದ ತಳಕ್ಕೆ ತೆಳ್ಳಗೆ ಹಿಟ್ಟು ಉದುರಿಸಿ, ಸಣ್ಣ ಉರಿಯ ಮೇಲಿಟ್ಟು ನೋಡುತ್ತಾ ನಿಲ್ಲುವುದು, ಅಷ್ಟೇ. ತೆಳು ಸ್ಟೀಲ್ ಆಗಿದ್ದರೆ ಬರ್ನರಿನ ಜ್ವಾಲೆ ಇದ್ದಷ್ಟು ಜಾಗದಲ್ಲಿ ಕಂದು ಉಂಗುರ ಮೂಡುತ್ತದೆ. ಅಂಚಿನ ಹಿಟ್ಟು ಇನ್ನೂ ಬೆಳ್ಳಗೇ ಇರುತ್ತದೆ. ದಪ್ಪ ತಳದ ಅಲ್ಯೂಮಿನಿಯಂ ಆದರೆ ಬಣ್ಣ ಹೆಚ್ಚುಕಡಿಮೆ ಎಲ್ಲ ಕಡೆ ಒಟ್ಟಿಗೇ ತಿರುಗುತ್ತದೆ. ಶಾಖ ಹರಿಸುವುದರಲ್ಲಿ ಅಲ್ಯೂಮಿನಿಯಂ ಸ್ಟೀಲಿಗಿಂತ ಹತ್ತು ಪಟ್ಟಿಗೂ ಮುಂದು. ಎಲ್ಲಿ ಸೀಯುತ್ತದೆ ಅನ್ನುವುದು ಆ ಉಂಗುರದಲ್ಲೇ ಗೊತ್ತಾಗಿಬಿಡುತ್ತದೆ, ಆಮೇಲೆ ಸೌಟು ಆಡಿಸುವುದೂ ಅಲ್ಲಿಗೇ.

ಹುರಿಯುವಾಗ ನಾನು ಹೆಚ್ಚು ಹುಷಾರಾಗಿರುವುದು ನೀರಿನ ವಿಷಯದಲ್ಲಿ. ಒಂದು ಗ್ರಾಂ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 335 ಜೂಲ್ ಸಾಕು. ಅದೇ ನೀರು ಆವಿಯಾಗಲು ಇನ್ನೂ 2,260 ಜೂಲ್ ಬೇಕು. ತೊಳೆದ ತರಕಾರಿಯನ್ನು ಹಾಗೇ ಸುರಿದರೆ ಬಾಣಲೆಯ ಬಿಸಿಯೆಲ್ಲ ಆ ನೀರನ್ನು ಓಡಿಸುವುದರಲ್ಲೇ ಮುಗಿಯುತ್ತದೆ. ಚುರ್ ಅನ್ನುವ ಸದ್ದು ಅಡಗಿ ಗುಳುಗುಳು ಶುರುವಾಯಿತೆಂದರೆ ತರಕಾರಿ ಬೇಯುತ್ತಿದೆ, ಹುರಿಯುತ್ತಿಲ್ಲ. ಅದಕ್ಕೇ ನಾನು ಬಟ್ಟೆಯಲ್ಲಿ ಒರೆಸಿ, ಸ್ವಲ್ಪಸ್ವಲ್ಪವೇ ಹಾಕುತ್ತೇನೆ. ಎರಡು ಸಲ ಹುರಿಯಬೇಕಾದರೂ ಚಿಂತೆಯಿಲ್ಲ.

ಕುದಿಸುವಾಗ ಲೆಕ್ಕವೇ ಬೇರೆ. ಕುದಿ ಬಂದ ಮೇಲೆ ಉರಿ ಜೋರು ಮಾಡಿದರೆ ನೀರು ಬೇಗ ಇಂಗುತ್ತದೆ, ಅದರ ಬಿಸಿ ಮಾತ್ರ ಏರುವುದಿಲ್ಲ. ಬೇಗ ಬೇಯಬೇಕಿದ್ದರೆ ನಾನು ಹಿಡಿಯುವುದು ಚಾಕು. ಹೋಳಿನ ದಪ್ಪ ಅರ್ಧವಾದರೆ ಒಳಗಿನವರೆಗೆ ಬಿಸಿ ತಲುಪುವ ಹೊತ್ತು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ.

ತೆಳ್ಳಗಿನ ಸಾರು ತಾನೇ ಸುತ್ತುತ್ತದೆ: ಕೆಳಗೆ ಕಾದದ್ದು ಮೇಲೇರುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ಗಟ್ಟಿಯಾದ ಗಂಜಿಗೆ ಆ ಓಡಾಟವಿಲ್ಲ. ತಳದಲ್ಲಿರುವುದು ಅಲ್ಲೇ ಕೂತು ತಳ ಹಿಡಿಯುತ್ತದೆ. ಹಿಟ್ಟು ಮಂದವಾಗತೊಡಗಿದ ಕೂಡಲೇ ಉರಿ ತಗ್ಗಿಸಿ ತಳ ಕೆರೆದು ತಿರುಗಿಸಬೇಕು. ಮೇಲೆ ಮೇಲೆ ಕೈಯಾಡಿಸಿದರೆ ಏನೂ ಆಗದು.

ನಡುವೆ ಒಂದು ಮಾತು: ಒದ್ದೆ ಮಸಿಬಟ್ಟೆಯಲ್ಲಿ ಬಿಸಿ ಪಾತ್ರೆ ಇಳಿಸಬೇಡಿ. ಒಣ ಬಟ್ಟೆಯ ಎಳೆಗಳ ನಡುವೆ ಗಾಳಿ ಇರುತ್ತದೆ, ಒದ್ದೆಯದರಲ್ಲಿ ನೀರು. ನಿಂತ ನೀರು ನಿಂತ ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಶಾಖ ದಾಟಿಸುತ್ತದೆ, ಕೈ ಸುಡಲು ಹೊತ್ತೇ ಬೇಕಿಲ್ಲ.

ಆರಿಸುವಾಗ ಇದೇ ಗುಣ ನನಗೆ ಅನುಕೂಲ. ಬಿಸಿ ಪಾತ್ರೆಯನ್ನು ಕಟ್ಟೆಯ ಮೇಲೆ ಬಿಡುವ ಬದಲು ತಣ್ಣೀರಿನ ಬೋಗುಣಿಯಲ್ಲಿಟ್ಟು ಒಳಗೆ ಕೈಯಾಡಿಸುತ್ತಿರುತ್ತೇನೆ. ಹೊರಗಿನ ನೀರು ಬೆಚ್ಚಗಾದರೆ ಚೆಲ್ಲಿ ಬೇರೆ ಹಾಕುತ್ತೇನೆ. ಗಂಜಿಯಂಥ ಗಟ್ಟಿ ಪದಾರ್ಥಕ್ಕೆ ಇದೂ ನಿಧಾನವೇ. ಅಗಲವಾದ ತಟ್ಟೆಗೆ ತೆಳ್ಳಗೆ ಹರಡಿಬಿಡುವುದು ಮೇಲು.