ಹನೋಯ್‌ನಲ್ಲಿ ಮೊದಲ ದಿನ: ಮ್ಯಾಪ್ ಮುಚ್ಚಿಟ್ಟು ಊರು ಹಿಡಿದ ಬಗೆ

ಹೊಸ ಊರಿಗೆ ಇಳಿದ ಮೊದಲ ದಿನ ಏನನ್ನೂ ನೋಡಲು ಹೋಗಬಾರದು, ಫೋನಿನ ಮ್ಯಾಪ್ ತೆರೆಯಬಾರದು. ನಾನು ಹೀಗಂದಾಗಲೆಲ್ಲ ಗೆಳೆಯರು ತಲೆ ಅಲ್ಲಾಡಿಸುತ್ತಿದ್ದರು. "ಇರೋದೇ ನಾಲ್ಕು ದಿನ, ಅದರಲ್ಲಿ ಒಂದು ದಿನ ಸುಮ್ನೆ ಹಾಳು" ಎನ್ನುತ್ತಿದ್ದರು. ವಿಯೆಟ್ನಾಂ ರಾಜಧಾನಿ ಹನೋಯ್‌ನಲ್ಲಿ ಇದು ಫಲ ಕೊಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎರಡು ಊರಲ್ಲಿ ಸೋತಿದ್ದೆ. ಬ್ಯಾಂಕಾಕ್‌ನಲ್ಲಿ ಬೆಳಿಗ್ಗೆ ಇಳಿದು ಸಂಜೆಯೊಳಗೆ ನಾಲ್ಕು ದೇವಸ್ಥಾನ ಮುಗಿಸಿದೆ. ರಾತ್ರಿ ನೆನಪಿಗೆ ಬಂದದ್ದು ಟ್ಯಾಕ್ಸಿ ಬಾಡಿಗೆ ಮಾತ್ರ. ಕ್ವಾಲಾಲಂಪುರದಲ್ಲಿ ಮ್ಯಾಪ್ ಮುಚ್ಚಿಟ್ಟೆ, ಆದರೆ ರೂಮು ಮಾಡಿದ್ದು ದೊಡ್ಡ ರಸ್ತೆಯ ಪಕ್ಕ. ಮಾಲ್, ಮೇಲ್ಸೇತುವೆ ಬಿಟ್ಟರೆ ಗುರುತಿಗೆ ಏನೂ ಸಿಗಲಿಲ್ಲ. ಇದಕ್ಕೆ ಹಳೇ ಪೇಟೆಯೇ ಬೇಕು ಅಂತ ಆಗ ಗೊತ್ತಾಯಿತು.

ನೋಯ್ ಬಾಯ್ ವಿಮಾನ ನಿಲ್ದಾಣದಿಂದ 86ನೇ ನಂಬರಿನ ಕಿತ್ತಳೆ ಬಸ್ ಹತ್ತಿದೆ. 45 ಸಾವಿರ ಡಾಂಗ್. ಆಗ ಒಂದು ರೂಪಾಯಿಗೆ ಹತ್ತಿರ ಹತ್ತಿರ 300 ಡಾಂಗ್, ಅಂದರೆ 150 ರೂಪಾಯಿ. ಟ್ಯಾಕ್ಸಿಯಾಗಿದ್ದರೆ ಸಾವಿರದ ಮೇಲೆ. ಒಂದು ಗಂಟೆ ಹಿಡಿಯಿತು, ಕೆಂಪು ನದಿ ದಾಟಿದಾಗ ಇಡೀ ಊರು ಕಿಟಕಿಗೆ ಬಂತು.

ಅಲ್ಲಿನ ಹಳೇ ಪೇಟೆಯ ಬಹಳಷ್ಟು ಬೀದಿಗಳಿಗೆ ಅಲ್ಲಿ ಮಾರುತ್ತಿದ್ದ ಸರಕಿನ ಹೆಸರು. 'ಹಾಂಗ್' ಅಂದರೆ ಸರಕು. ನಮ್ಮ ಅಕ್ಕಿಪೇಟೆ, ಅರಳೆಪೇಟೆ ಇಲ್ವಾ, ಹಾಗೇ. ಹಾಂಗ್ ಥಿಯೆಕ್‌ನಲ್ಲಿ ಇವತ್ತಿಗೂ ತಗಡು ಬಡಿಯುವ ಸದ್ದು. ಲಾನ್ ಓಂಗ್ ಬೀದಿಗೆ ತಿರುಗಿದರೆ ಒಣಬೇರು, ತೊಗಟೆಯ ಘಾಟು, ನಮ್ಮ ಗ್ರಂಧಿಗೆ ಅಂಗಡಿಯ ವಾಸನೆಯೇ. ಹಾಂಗ್ ಮಾ ಪೂರ್ತಿ ಕೆಂಪು ಕಾಗದ, ತೀರಿಕೊಂಡ ಹಿರಿಯರಿಗೆಂದು ಸುಡುವ ಕಾಗದದ ಸಾಮಾನು. ಮೂರೂ ಹತ್ತಿರದಲ್ಲೇ ಇವೆ. ಸದ್ದು, ವಾಸನೆ, ಬಣ್ಣ ಹಿಡಿದು ನಡೆದೆ. ಎರಡು ಸಲ ದಾರಿ ತಪ್ಪಿತು, ಮೂರನೇ ಸಲ ತಪ್ಪಲಿಲ್ಲ.

ದುಡ್ಡಿನಲ್ಲಿ ಮಾತ್ರ ಪೆಟ್ಟು ತಿಂದೆ. ಅಲ್ಲಿನ 20 ಸಾವಿರದ ನೋಟೂ ನೀಲಿ, 5 ಲಕ್ಷದ್ದೂ ನೀಲಿ. ಎರಡರಲ್ಲೂ ಅವರ ನಾಯಕ ಹೋ ಚಿ ಮಿನ್ ಮುಖ. ಕತ್ತಲಲ್ಲಿ ಹಣ್ಣಿನ ಗಾಡಿಗೆ ಒಂದರ ಬದಲು ಇನ್ನೊಂದು ಕೊಟ್ಟೆ. ಸುಮಾರು 1,600 ರೂಪಾಯಿ ಹೋಯಿತು. ಆಮೇಲೆ 5 ಲಕ್ಷದ ನೋಟುಗಳನ್ನು ಪಾಸ್‌ಪೋರ್ಟ್ ಜೊತೆ ಒಳಜೇಬಿಗೆ ಹಾಕಿದೆ.

ಊಟದ ವಿಷಯಕ್ಕೆ ನನಗೆ ಹೆಮ್ಮೆ ಇದೆ. ಅಲ್ಲಿ 'ಚಾಯ್' ಅಂದರೆ ಸಸ್ಯಾಹಾರ. ದನಿ ಏರಿಸಿದರೆ ಅದೇ ಪದ 'ಉರಿ' ಆಗುತ್ತದೆ, ಕೆಳಗೆ ಒತ್ತಿದರೆ 'ಓಡು' ಆಗುತ್ತದೆ. ಮೂರು ಅಂಗಡಿಯಲ್ಲಿ ಮೂರು ಥರ ಹೇಳಿ ನೋಡಿದೆ. ರಾಗ ಎಳೆಯದೆ ನೆಟ್ಟಗೆ ಹೇಳಿದ ಕಡೆ ತೋಫು, ಸೊಪ್ಪು, ಅನ್ನ ಬಂತು. ಇನ್ನೊಂದು ಲೆಕ್ಕ ಹಾಕಿದ್ದೆ. ಅವರ ಚಾಂದ್ರ ತಿಂಗಳ 1 ಮತ್ತು 15ನೇ ದಿನ ತುಂಬಾ ಜನ ಚಾಯ್ ತಿನ್ನುತ್ತಾರೆ. ಪಂಚಾಂಗ ನೋಡಿ ಹುಣ್ಣಿಮೆಗೆ ಸರಿಯಾಗಿ ಟಿಕೆಟ್ ತೆಗೆದಿದ್ದೆ. ಪ್ಯಾಕೇಜಿನವರು ಯಾರೂ ಇದನ್ನು ಹೇಳಿರಲಿಲ್ಲ.

ರಸ್ತೆ ದಾಟುವುದನ್ನು ಕಲಿಯಲು ಅರ್ಧ ಗಂಟೆ ಕೊಟ್ಟೆ. ನಿಂತು ಕಾದರೆ ಬೈಕುಗಳ ಸಾಲು ಮುಗಿಯುವುದೇ ಇಲ್ಲ. ಓಡಿದರೆ ಸವಾರರ ಲೆಕ್ಕ ತಪ್ಪುತ್ತದೆ. ನಿಧಾನವಾಗಿ ಒಂದೇ ವೇಗದಲ್ಲಿ ನಡೆಯಬೇಕು, ಹಿಂದೆ ಹೆಜ್ಜೆ ಇಡಬಾರದು. ಬೈಕುಗಳೇ ಸುತ್ತಿ ಹೋಗುತ್ತವೆ.

ಇಷ್ಟಾದ ಮೇಲೆ ಪ್ಲಾಸ್ಟಿಕ್ ಸ್ಟೂಲು. ಫುಟ್‌ಪಾತಿನ ಟೀ ಅಂಗಡಿಯಲ್ಲಿ ಮೊಣಕಾಲೆತ್ತರವೂ ಇಲ್ಲದ ಸ್ಟೂಲಿನ ಮೇಲೆ ಎರಡು ಗಂಟೆ ಕೂತೆ. ಐಸ್ ಹಾಕಿದ 'ಚಾ ದಾ' ಲೋಟಕ್ಕೆ 5 ಸಾವಿರ ಡಾಂಗ್, ಹದಿನೇಳು ರೂಪಾಯಿ ಇರಬಹುದು. ಯಾವ ಮೂಲೆ ಅಂತ ಹೇಳಲ್ಲ. ಅಲ್ಲಿ ನಾಲ್ಕೇ ಸ್ಟೂಲು ಇವೆ.

ಮರುದಿನ ಐದಕ್ಕೇ ಹೋನ್ ಕಿಯೆಮ್ ಕೆರೆಗೆ ಹೋದೆ. ಅಜ್ಜಿಯರು ಬೀಸಣಿಗೆ ಹಿಡಿದು ವ್ಯಾಯಾಮ ಮಾಡುತ್ತಿದ್ದರು. ಕೆಂಪು ಸೇತುವೆಯ ಪ್ರತಿಬಿಂಬ ನೀರಿನಲ್ಲಿ ಮೆಲ್ಲಗೆ ಬೆಳಗುತ್ತಿತ್ತು. ವಾಪಸ್ ಬರುವಾಗ ಬೆನ್ನಿಗೆ ಚೀಲ ಹಾಕಿದ ಒಬ್ಬ ಹುಡುಗ ಫೋನ್ ಹಿಡಿದು ಹಾಂಗ್ ಮಾ ಎಲ್ಲಿ ಅಂತ ಕೇಳಿದ. ತಗಡಿನ ಸದ್ದು ಬರುತ್ತಿದ್ದ ಕಡೆ ಕೈ ತೋರಿಸಿದೆ. ಗ್ರಂಧಿಗೆ ವಾಸನೆ ಬಂದ ಮೇಲೆ ಇನ್ನೂ ಸ್ವಲ್ಪ ಮುಂದೆ ಅಂತ ಹೇಳಿದೆ.